ಒಂದು ಹಿಡಿ ಕಡ್ಡಿಗೆ ಅರ್ಧ ಲೀಟರ್ ಬಿಸಿನೀರು

ಕಟ್ಟಿಗೆ ಉರಿಸಿ ನೀರು ಕಾಯಿಸುವ ಸಣ್ಣ ಕೆಟಲ್ ಮಾಡಿದ್ದೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ತೂಕ. ಎಷ್ಟು ಗ್ರಾಂ? ಇನ್ನೂ ತೆಳು ತಗಡು ಹಾಕಬಹುದಿತ್ತು ಅಲ್ವಾ? ಅಲ್ಯೂಮಿನಿಯಂ ಯಾಕೆ ಬೇಡ? ಬೆನ್ನ ಮೇಲೆ ಹೊರುವ ವಸ್ತು ಅಂದ ಮೇಲೆ ತೂಕ ನೋಡಲೇಬೇಕು, ಸರಿ. ಆದರೆ ಬೇರೆ ಬೇರೆ ಅಳತೆಯಲ್ಲಿ ಕೆಟಲ್ ಕಟ್ಟಿ, ಸೌದೆ ತೂಗಿ, ನೀರು ತೂಗಿ, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ನೋಡಿದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಈ ಕೆಟಲ್‌ನ ಜೀವ ಇರುವುದು ನಡುವಿನ ಚಿಮಣಿಯಲ್ಲಿ. ಅದರ ಅಗಲ, ಎತ್ತರ, ಓರೆ ಸರಿಯಾಗಿದ್ದರೆ ಸ್ವಲ್ಪ ದಪ್ಪ ತಗಡಿನ ಕೆಟಲ್ ಕೂಡ ಚೆನ್ನಾಗಿ ನಡೆಯುತ್ತದೆ. ಅದು ಸರಿ ಇಲ್ಲದಿದ್ದರೆ ಎಷ್ಟೇ ತೆಳು ತಗಡು ಹಾಕಿದರೂ ಕಣ್ಣಿಗೆ ಹೊಗೆಯೇ.

ಹಳೇ ಮನೆಯ ಬಚ್ಚಲಲ್ಲಿ ತಾಮ್ರದ ಬಾಯ್ಲರ್ ಕಂಡವರಿಗೆ ಇದರ ಕೆಲಸ ಹೊಸದಾಗಿ ಹೇಳಬೇಕಾಗಿಲ್ಲ. ನಡುವೆ ಒಂದು ಕೊಳವೆ, ಅದರೊಳಗೆ ಬೆಂಕಿ, ಕೊಳವೆಯ ಸುತ್ತ ನೀರು. ಮೇಲಿನಿಂದ ಕರಟ, ಪುಳ್ಳೆ ಹಾಕುತ್ತಾ ಹೋದರೆ ಕೆಳಗಿನ ನಲ್ಲಿಯಲ್ಲಿ ಸುಡು ಸುಡು ನೀರು. ಕಾಶ್ಮೀರದ ಸಮಾವರ್ ಕೂಡ ಇದೇ ಜಾತಿ, ಅಲ್ಲಿ ನಡುವಿನ ಕೊಳವೆಯಲ್ಲಿ ಇದ್ದಿಲು. ಅದನ್ನೇ ಕೈಯಲ್ಲಿ ಹಿಡಿಯುವಷ್ಟು ಸಣ್ಣದು ಮಾಡಿ, ಕೆಳಗೆ ಬೇರೆಯಾಗಿ ತೆಗೆಯಬಹುದಾದ ಬೆಂಕಿ ಬಟ್ಟಲು ಕೊಟ್ಟರೆ ಕ್ಯಾಂಪಿಂಗ್ ಕೆಟಲ್ ಆಯಿತು. ಐರ್ಲೆಂಡಿನ ಮೇಯೋ ಕಡೆ ಸರೋವರದಲ್ಲಿ ಮೀನು ಹಿಡಿಯುವವರು ನೂರು ವರ್ಷಕ್ಕೂ ಹಿಂದಿನಿಂದ ಇಂಥದ್ದು ಬಳಸುತ್ತಿದ್ದರು, ಇವತ್ತು ಕೆಲ್ಲಿ ಕೆಟಲ್ ಅನ್ನುವ ಹೆಸರಲ್ಲಿ ಮಾರಾಟವಾಗುವುದು ಅದೇ. ನ್ಯೂಜಿಲೆಂಡ್‌ನಲ್ಲಿ ಜಾನ್ ಹಾರ್ಟ್ ಅನ್ನುವವರು 1929ರಲ್ಲಿ ಥರ್ಮೆಟ್ ಅಂತ ಒಂದು ರೂಪಿಸಿದರು. ಎರಡನೇ ಮಹಾಯುದ್ಧದಲ್ಲಿ ಆ ದೇಶದ ಸೈನಿಕರು ಉತ್ತರ ಆಫ್ರಿಕಾದ ಮರಳುಗಾಡಿಗೆ ಅದನ್ನು ಹೊತ್ತುಕೊಂಡು ಹೋದರು. ಅಲ್ಲಿ ಸೌದೆ ಎಲ್ಲಿ ಸಿಗಬೇಕು? ಬಟ್ಟಲಲ್ಲಿ ಮರಳು ತುಂಬಿ, ಪೆಟ್ರೋಲ್ ಸುರಿದು, ಅದಕ್ಕೆ ಬೆಂಕಿ ಕೊಟ್ಟು ಟೀ ಕಾಯಿಸಿದರು. ಅಲ್ಲಿನ ಊರಿನ ಹೆಸರಲ್ಲಿ ಬೆಂಗಾಜಿ ಬಾಯ್ಲರ್ ಅಂತಲೇ ಅದಕ್ಕೆ ಹೆಸರು ಬಿತ್ತು. ಪೆಟ್ರೋಲ್ ಪ್ರಯೋಗ ನೀವು ಮಾಡಲು ಹೋಗಬೇಡಿ.

ಈಗ ಲೆಕ್ಕಕ್ಕೆ ಬರೋಣ. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 157 ಕಿಲೋಜೂಲ್ ಶಾಖ ಬೇಕು. ಬಿಸಿಲಲ್ಲಿ ಚೆನ್ನಾಗಿ ಒಣಗಿದ ಸೌದೆ ಒಂದು ಗ್ರಾಂಗೆ ಹತ್ತಿರ ಹತ್ತಿರ 16 ಕಿಲೋಜೂಲ್ ಕೊಡುತ್ತದೆ. ಅಂದರೆ ಒಂದಿಷ್ಟೂ ಪೋಲಾಗದೇ ಇದ್ದರೆ 10 ಗ್ರಾಂ ಸೌದೆ ಸಾಕು! ಪೆನ್ಸಿಲ್ ಗಾತ್ರದ ಎರಡು ಮೂರು ಕಡ್ಡಿ ಅಷ್ಟೇ. ನಿಜದಲ್ಲಿ ಹಾಗೆ ಆಗುವುದಿಲ್ಲ. ಮೂರು ಕಲ್ಲಿಟ್ಟು ಪಾತ್ರೆ ಕೂರಿಸಿ ಬಯಲಲ್ಲಿ ಉರಿ ಹಾಕಿದರೆ ಬೆಂಕಿಯ ಹತ್ತನೇ ಒಂದು ಪಾಲು ನೀರಿಗೆ ಸೇರಿದರೆ ಹೆಚ್ಚು, ಉಳಿದದ್ದೆಲ್ಲ ಗಾಳಿಗೆ. ಹಾಗೆ ಲೆಕ್ಕ ಹಾಕಿದರೆ 100 ಗ್ರಾಂ ಸೌದೆ. ನಾನು ಕಟ್ಟಿದ ಕೆಟಲ್‌ಗೆ ಗಾಳಿ ಹದವಾಗಿದ್ದು ಕಡ್ಡಿ ಒಣಗಿದ್ದ ದಿನ 40 ಗ್ರಾಂ ಆಸುಪಾಸು ಬೇಕಾಗುತ್ತದೆ. ಅಂದರೆ ಶಾಖದ ಕಾಲು ಭಾಗ ನೀರಿಗೆ ಸೇರಿದಂತಾಯಿತು. ಮನೆಯಲ್ಲಿ ಬಳಸುವ ಸೌದೆ ಒಲೆಗಳಿಗೆ ನಮ್ಮ ದೇಶದಲ್ಲಿ ಐಎಸ್ 13152 ಅನ್ನುವ ಮಾನದಂಡ ಇದೆ, ಫ್ಯಾನ್ ಇಲ್ಲದ ಒಲೆಗೆ ಅದು ಕೇಳುವುದು ಕಮ್ಮಿ ಅಂದರೆ ಶೇ. 25. ಕೈಯಲ್ಲಿ ಹಿಡಿದು ಹೋಗುವ ತಗಡಿನ ಕೆಟಲ್ ಆ ಗೆರೆಯ ಹತ್ತಿರಕ್ಕೆ ಬರುತ್ತದೆ ಅನ್ನುವುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ.

ಇಷ್ಟು ವ್ಯತ್ಯಾಸ ಹೇಗೆ ಬಂತು? ಬೆಂಕಿ ಹೋಗುವ ದಾರಿಯಲ್ಲೆಲ್ಲ ನೀರೇ ಸುತ್ತುವರಿದಿದೆ, ಅದಕ್ಕೆ. ಪಾತ್ರೆಯ ತಳಕ್ಕೆ ಬಡಿದ ಜ್ವಾಲೆ ಪಕ್ಕಕ್ಕೆ ಜಾರಿ ಓಡಿಹೋಗುತ್ತದೆ. ಚಿಮಣಿಯಲ್ಲಿ ಓಡಿಹೋಗಲು ಜಾಗ ಇಲ್ಲ, ಹೋದರೆ ನೀರಿನ ಗೋಡೆಯನ್ನು ಸವರಿಕೊಂಡೇ ಹೋಗಬೇಕು. ಜೊತೆಗೆ ಬಿಸಿಗಾಳಿ ಮೇಲೇರುವಾಗ ಕೆಳಗಿನ ತೂತಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ, ಊದುವ ಕೆಲಸವೇ ಇಲ್ಲ. ಜೋರು ಗಾಳಿ ಇದ್ದರೆ ಇನ್ನೂ ಒಳ್ಳೆಯದು. ತೂತನ್ನು ಗಾಳಿ ಬರುವ ಕಡೆ ತಿರುಗಿಸಿಟ್ಟರೆ ಭರ್ರ್ ಅಂತ ಉರಿಯುತ್ತದೆ. ಗ್ಯಾಸ್ ಸ್ಟವ್ ತತ್ತರಿಸುವ ಹೊತ್ತಿನಲ್ಲಿ ಇದು ಚುರುಕಾಗುವುದನ್ನು ನೋಡುವುದೇ ಒಂದು ಸಂತೋಷ.

ಇನ್ನು ತಗಡಿನ ವಿಷಯ. ತಾಮ್ರ ಬೇಗ ಬಿಸಿಯಾಗುತ್ತೆ, ಸ್ಟೀಲ್ ನಿಧಾನ, ಅದಕ್ಕೇ ತಾಮ್ರದ್ದೇ ಮಾಡಿಸಿ ಅಂತ ತುಂಬಾ ಜನ ಹೇಳುತ್ತಾರೆ. ತಾಮ್ರ ಶಾಖವನ್ನು ಸ್ಟೀಲ್‌ಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಸಾಗಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ತಗಡು ಇರುವುದು ಅರ್ಧ ಮಿಲಿಮೀಟರ್. ಬಿಸಿಗಾಳಿಯಿಂದ ತಗಡಿಗೆ ಶಾಖ ದಾಟುವುದೇ ಕಷ್ಟದ ಕೆಲಸ, ಅಲ್ಲಿರುವ ಅಡ್ಡಿ ಅರ್ಧ ಮಿಲಿಮೀಟರ್ ಸ್ಟೀಲ್ ಒಡ್ಡುವ ಅಡ್ಡಿಗಿಂತ ನೂರಾರು ಪಟ್ಟು ದೊಡ್ಡದು. ಲೋಹ ಬದಲಾಯಿಸಿದರೆ ಸಿಗುವ ಲಾಭ ಗಡಿಯಾರದಲ್ಲಿ ಕಾಣುವಷ್ಟೂ ಇರುವುದಿಲ್ಲ. ಅದೇ ಚಿಮಣಿಯನ್ನು ಸ್ವಲ್ಪ ಕಿರಿದು ಮಾಡಿ ಜ್ವಾಲೆ ಗೋಡೆಗೆ ತಾಗುವಂತೆ ಮಾಡಿದರೆ ಮೊದಲ ಸಲಕ್ಕೇ ಗೊತ್ತಾಗುತ್ತದೆ. ತಾಮ್ರಕ್ಕೆ ಇನ್ನೊಂದು ರಗಳೆ ಇದೆ. ಒಳಗೆ ಕಲಾಯಿ ಬೇಕು. ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ. ನೀರು ಇರುವವರೆಗೂ ತೊಂದರೆ ಇಲ್ಲ, ನೀರು ಬತ್ತಿದರೆ ಕಲಾಯಿ ಹೋಯಿತು. ಕೈ ಹೋಗದ ಆ ಸಂದಿಗೆ ಮತ್ತೆ ಕಲಾಯಿ ಹಾಕುವುದು ಎಷ್ಟು ಕಷ್ಟ ಅಂತ ಆ ಕೆಲಸ ಗೊತ್ತಿದ್ದವರನ್ನೇ ಕೇಳಬೇಕು.

ನನ್ನ ಅಳತೆ ಹೇಳಿಬಿಡುತ್ತೇನೆ, ಮಾಡುವವರಿಗೆ ಬೇಕಾಗುತ್ತದೆ. ಹೊರಗಿನ ಸಿಲಿಂಡರ್ 10 ಸೆಂ.ಮೀ. ಅಗಲ, 13 ಸೆಂ.ಮೀ. ಎತ್ತರ. ಒಳಗಿನ ಚಿಮಣಿ ಕೆಳಗೆ 8 ಸೆಂ.ಮೀ., ಮೇಲೆ 4 ಸೆಂ.ಮೀ. ಹೀಗೆ ಮಾಡಿದರೆ ನೀರಿಗೆ ಉಳಿಯುವ ಜಾಗ ಸುಮಾರು 640 ಮಿ.ಲೀ. ಅದರಲ್ಲಿ 500 ಮಿ.ಲೀ. ಮಾತ್ರ ತುಂಬಿಸಿ, ಉಳಿದದ್ದು ಕುದಿಯುವಾಗ ಉಕ್ಕಲು ಬೇಕು. ಎಲ್ಲ ತಗಡು ಸೇರಿ ಸುಮಾರು 750 ಚದರ ಸೆಂ.ಮೀ. ಆಗುತ್ತದೆ. ಅರ್ಧ ಮಿ.ಮೀ. ಸ್ಟೀಲ್‌ನಲ್ಲಿ ಅದು 300 ಗ್ರಾಂ, ಒಂದು ಮಿ.ಮೀ. ಅಲ್ಯೂಮಿನಿಯಂನಲ್ಲಿ 200 ಗ್ರಾಂ, ಅರ್ಧ ಮಿ.ಮೀ. ತಾಮ್ರದಲ್ಲಿ 335 ಗ್ರಾಂ. ಮೂತಿ, ಹಿಡಿ, ಬೆಂಕಿ ಬಟ್ಟಲು ಬೇರೆ. ಎಲ್ಲ ಸೇರಿ ಸ್ಟೀಲ್ ಕೆಟಲ್ 450 ಗ್ರಾಂ ಹತ್ತಿರ ಬಂತು.

ಅಲ್ಯೂಮಿನಿಯಂನಲ್ಲಿ 100 ಗ್ರಾಂ ಉಳಿಯುತ್ತಲ್ಲ, ಮತ್ತೆ ಯಾಕೆ ಸ್ಟೀಲ್? ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಸೌದೆಯ ಜ್ವಾಲೆ ಅದಕ್ಕಿಂತ ಬಿಸಿ. ನೀರಿದ್ದಾಗ ತಗಡು ನೂರು ಡಿಗ್ರಿಯ ಆಚೆ ಈಚೆಯೇ ಇರುತ್ತದೆ, ನಿಜ. ಆದರೆ ಕತ್ತಲಲ್ಲಿ, ಸುಸ್ತಾದವರ ಕೈಯಲ್ಲಿ ಒಂದು ಸಲ ಖಾಲಿ ಕೆಟಲ್ ಬೆಂಕಿ ಮೇಲೆ ಕೂತರೆ ಸ್ಟೀಲ್ ಬಣ್ಣ ಬದಲಾಯಿಸಿ ಸುಮ್ಮನಾಗುತ್ತದೆ, ಅಲ್ಯೂಮಿನಿಯಂ ಅಂಚು ಸೊಟ್ಟಗಾಗಿ ಬೆಸುಗೆ ಬಿಡುತ್ತದೆ. ಇನ್ನೊಂದು ಕಾರಣ, ಒಳಗೆ ಉಪ್ಪು ಕಟ್ಟಿದಾಗ ಹುಣಸೆಹುಳಿ ಹಾಕಿ ಕುದಿಸಿ ತೊಳೆಯಬೇಕು, ಹುಳಿ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ. ನಮ್ಮ ಬೋರ್‌ವೆಲ್ ನೀರಿನ ಗಡಸು ಗೊತ್ತಲ್ಲ, ಕೆಲವು ಕಡೆ ನಾಲ್ಕು ದಿನಕ್ಕೇ ಬಿಳಿ ಪದರ ಕಟ್ಟುತ್ತದೆ.

ಸ್ಟೀಲ್ ತರುವಾಗ 304 ದರ್ಜೆಯದ್ದು ಅಂತಲೇ ಕೇಳಿ ತನ್ನಿ. ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡಿದರೆ ಸಾಲದು, ಅಗ್ಗದ 202 ಕೂಡ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಬೆಂಗಳೂರಲ್ಲಾದರೆ ಎಸ್.ಜೆ.ಪಿ. ರಸ್ತೆ ಕಡೆ ಉಪಕರಣಗಳೆಲ್ಲ ಸಿಗುತ್ತವೆ. ಹೊರಗಿನ ಸಿಲಿಂಡರ್‌ಗೆ ತಗಡು ಸುತ್ತುವ ಬದಲು ಪಾತ್ರೆ ಅಂಗಡಿಯಲ್ಲಿ ನೇರ ಗೋಡೆಯ ತೆಳು ಡಬ್ಬ ಹುಡುಕಿದರೆ ಒಂದು ಬೆಸುಗೆ ಉಳಿಯುತ್ತದೆ. ಬೆಂಕಿ ಬಟ್ಟಲಿಗೂ ಅಷ್ಟೇ. ಬಾಯಿ 10 ಸೆಂ.ಮೀ. ಇದ್ದು ತಳ ಕಿರಿದಾಗುವ ಬಟ್ಟಲು ತಂದು ಪಕ್ಕದಲ್ಲಿ 3.5 ಸೆಂ.ಮೀ. ತೂತು ಕೊರೆದರೆ ಮುಗಿಯಿತು. ಚೀಲಕ್ಕೆ ಹಾಕುವಾಗ ಅದನ್ನೇ ಮಗುಚಿ ಚಿಮಣಿಯೊಳಗೆ ತೂರಿಸಬಹುದು.

ಕಷ್ಟದ ಭಾಗ ಅಂದರೆ ಶಂಕು ಆಕಾರದ ಚಿಮಣಿ. ಮಟ್ಟಸ ತಗಡಿನಲ್ಲಿ ಬೀಸಣಿಗೆ ಆಕಾರ ಬರೆದು ಕತ್ತರಿಸಿ ಸುತ್ತಬೇಕು. ಮೇಲಿನ ಅಳತೆಗೆ ಓರೆ ಉದ್ದ 13.15 ಸೆಂ.ಮೀ. ಬರುತ್ತದೆ. ಕೈವಾರದಲ್ಲಿ ಒಂದೇ ಕೇಂದ್ರದಿಂದ 26.3 ಸೆಂ.ಮೀ. ಮತ್ತು 13.15 ಸೆಂ.ಮೀ. ತ್ರಿಜ್ಯದ ಎರಡು ಕಮಾನು ಎಳೆದು, 55 ಡಿಗ್ರಿ ಕೋನಕ್ಕೆ ಕತ್ತರಿಸಿ. ಒಂದು ಅಂಚಿಗೆ ಅರ್ಧ ಸೆಂ.ಮೀ. ಜಾಸ್ತಿ ಬಿಡಿ, ಸುತ್ತಿದಾಗ ಒಂದರ ಮೇಲೊಂದು ಕೂರಲು. ಮೊದಲು ರಟ್ಟಿನಲ್ಲಿ ಕತ್ತರಿಸಿ ಸುತ್ತಿ ನೋಡುವುದು ಒಳ್ಳೆಯದು, ರಟ್ಟು ಸರಿಯಾಗಿ ಕೂತರೆ ತಗಡೂ ಕೂರುತ್ತದೆ. ಕತ್ತರಿಸಿದ ತಗಡಿನ ಅಂಚು ಕ್ಷೌರದ ಬ್ಲೇಡಿನಷ್ಟು ಚೂಪಾಗಿರುತ್ತದೆ, ಅರ ಹಾಕಿ ಉಜ್ಜದೇ ಕೈ ಇಡಬೇಡಿ.

ಬೆಸುಗೆಗೆ ಶಿವಮೊಗ್ಗದಲ್ಲಿ ನನಗೆ ಗೊತ್ತಿರುವ ವೆಲ್ಡಿಂಗ್ ಅಂಗಡಿಗೆ ಹೋಗುತ್ತೇನೆ. ಅಲ್ಲಿನ ಅಣ್ಣ ತಗಡನ್ನು ಬೆರಳಲ್ಲಿ ಬಗ್ಗಿಸಿ ನೋಡಿ, "ಸಾರ್, ಇದಕ್ಕೆ ಆರ್ಕ್ ಹಿಡಿದ್ರೆ ತೂತು ಬೀಳುತ್ತೆ, ಆರ್ಗಾನಲ್ಲೇ ಮಾಡ್ಬೇಕು, ಅದೂ ಚೂರು ಚೂರು" ಅಂದರು. "ಅಣ್ಣಾ, ಒಳಗಡೆ ಕಪ್ಪಾಗ್ಬಾರ್ದು, ಅಲ್ಲಿ ಕುಡಿಯೋ ನೀರು ನಿಲ್ಲುತ್ತೆ" ಅಂದೆ. ಅವರು ಮೂತಿಗೆ ಪೈಪ್ ಸಿಕ್ಕಿಸಿ ಒಳಗೂ ಸ್ವಲ್ಪ ಆರ್ಗಾನ್ ಅನಿಲ ಬಿಟ್ಟು, ಅರ್ಧ ಇಂಚಿಗೊಂದು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ, ಒಂದು ಕಡೆ ಬೆಸೆದರೆ ಮುಂದಿನದನ್ನು ಅದರ ಎದುರು ಬದಿಯಲ್ಲಿ ಬೆಸೆಯುತ್ತಾ, ನಡುನಡುವೆ ಒದ್ದೆ ಬಟ್ಟೆ ಒತ್ತುತ್ತಾ ಹೋದರು. ಒಂದೇ ಕಡೆ ಬೆಸೆಯುತ್ತಾ ಹೋದರೆ ತಗಡು ಅಲೆ ಅಲೆಯಾಗಿ ಏಳುತ್ತದೆ. ಕೆಳಗಿನ ಉಂಗುರ, ಅಂದರೆ ಸಿಲಿಂಡರ್ ಮತ್ತು ಚಿಮಣಿಯನ್ನು ತಳದಲ್ಲಿ ಸೇರಿಸುವ ಒಂದು ಸೆಂ.ಮೀ. ಅಗಲದ ಪಟ್ಟಿ ಇದೆಯಲ್ಲ, ಅದೇ ಎಲ್ಲಕ್ಕಿಂತ ನಾಜೂಕು. ಬೆಂಕಿಗೆ ನೇರವಾಗಿ ಮುಖ ಕೊಡುವುದೂ ಅದೇ, ಬೆಸುಗೆ ಎರಡು ಕಡೆ ಬೇಕಾಗಿರುವುದೂ ಅದಕ್ಕೇ. ಅದನ್ನು ಮೊದಲು ಮಾಡಿಸಿ, ನೀರು ತುಂಬಿಸಿ ನೋಡಿ, ಆಮೇಲೆ ಮೇಲಿನ ಮುಚ್ಚಳ ಬೆಸೆಸಿ. ಮೇಲೆ ಮುಚ್ಚಿದ ಮೇಲೆ ಒಳಗಿನ ತೂತು ಹುಡುಕುವುದು ದೊಡ್ಡ ತಲೆನೋವು. ಸೀಸ ಇರುವ ಬೆಸುಗೆ ಮಾತ್ರ ಯಾವ ಕಾರಣಕ್ಕೂ ಬೇಡ, ಕುಡಿಯುವ ನೀರಿನ ಪಾತ್ರೆ ಇದು.

ತಳದ ಆ ಸಂದಿ ಎಷ್ಟಿರಬೇಕು ಅನ್ನುವುದಕ್ಕೂ ಒಂದು ಕಾರಣ ಇದೆ. ತೂಕ ಕಮ್ಮಿ ಮಾಡೋಣ ಅಂತ ಸಂದಿಯನ್ನು ಅರ್ಧ ಸೆಂ.ಮೀ.ಗೆ ಇಳಿಸಿದ ಒಂದು ಮಾದರಿ ಕಟ್ಟಿದ್ದೆ. ಅಲ್ಲಿ ನೀರು ಉಳಿದ ನೀರಿಗಿಂತ ಮೊದಲೇ ಕುದಿಯುತ್ತದೆ. ಹುಟ್ಟಿದ ಆವಿಗೆ ಮೇಲೆ ಹೋಗಲು, ತಣ್ಣೀರಿಗೆ ಕೆಳಗೆ ಇಳಿಯಲು ಒಂದೇ ಇಕ್ಕಟ್ಟಾದ ದಾರಿ. ಆವಿಯ ಗುಳ್ಳೆ ತನ್ನ ಮೇಲಿನ ನೀರನ್ನೆಲ್ಲ ಒಂದೇ ಏಟಿಗೆ ಎತ್ತಿ ಮೂತಿಯಿಂದ ಕಾರಿಸುತ್ತದೆ. ಕಾರಿದ ನೀರು ಕುದಿ ಬಂದ ನೀರೂ ಅಲ್ಲ, ಸುಮಾರು ಎಂಬತ್ತು ಡಿಗ್ರಿಯದ್ದು, ಆದರೆ ಕೈ ಸುಡಲು ಅಷ್ಟು ಸಾಕು. ಒಂದು ಸೆಂ.ಮೀ. ಇಟ್ಟ ಕೆಟಲ್‌ನಲ್ಲಿ ಇದು ನಿಂತಿತು. ಇದಕ್ಕಿಂತ ಕಿರಿದು ಮಾಡಲು ನಾನು ಒಪ್ಪುವುದಿಲ್ಲ.

ಚಿಮಣಿಯ ಮೇಲಿನ ಬಾಯಿಯಲ್ಲೂ ಹೀಗೇ ಒಂದು ಹದ ಇದೆ. 5 ಸೆಂ.ಮೀ. ಇಟ್ಟರೆ ಉರಿ ಚೆನ್ನಾಗಿ ಏಳುತ್ತದೆ, ಆದರೆ ಜ್ವಾಲೆ ಗೇಣುದ್ದ ಹೊರಗೆ ಬಂದು ಆಕಾಶ ಕಾಯಿಸುತ್ತದೆ. 3 ಸೆಂ.ಮೀ. ಇಟ್ಟರೆ ಜ್ವಾಲೆ ಒಳಗೇ ಉಳಿದು ಒಣ ಕಡ್ಡಿಯಲ್ಲಿ ಸೌದೆ ಉಳಿಯುತ್ತದೆ, ಸ್ವಲ್ಪ ಹಸಿ ಕಡ್ಡಿ ಬಿದ್ದರೆ ಹೊಗೆ ಕೆಳಗಿನ ತೂತಿನಿಂದಲೇ ವಾಪಸ್. ಮೇಲಿನಿಂದ ಕಡ್ಡಿ ಹಾಕುವುದೂ ಕಷ್ಟ. 4 ಸೆಂ.ಮೀ.ಗೆ ನಿಂತಿದ್ದು ಹಾಗೆ. ತಗಡಿನ ಪಟ್ಟಿಯೊಂದನ್ನು ಸ್ಕ್ರೂ ತರ ತಿರುಚಿ ಚಿಮಣಿಯೊಳಗೆ ತೂಗುಹಾಕಿದರೆ ಬಿಸಿಗಾಳಿ ಸುತ್ತಿಕೊಂಡು ಗೋಡೆಗೆ ಉಜ್ಜುತ್ತಾ ಹೋಗುತ್ತದೆ. ಕಾರ್ಖಾನೆಯ ಬಾಯ್ಲರ್ ಕೊಳವೆಗಳಲ್ಲಿ ಹೀಗೆ ಮಾಡುತ್ತಾರೆ. ಕೆಟಲ್‌ನಲ್ಲೂ ಉಪಯೋಗ ಇದೆ, ಒಣ ಸೌದೆ ಇದ್ದ ದಿನ. ಮಳೆಗಾಲದಲ್ಲಿ ತೆಗೆದಿಡಿ.

ಪರೀಕ್ಷೆ ಮಾಡುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸುಮ್ನೆ "ಮೂರೇ ನಿಮಿಷಕ್ಕೆ ಕುದಿಯಿತು" ಅನ್ನುವ ಮಾತಿಗೆ ಬೆಲೆ ಇಲ್ಲ. ಎಷ್ಟು ನೀರು, ಶುರುವಿನಲ್ಲಿ ಎಷ್ಟು ಬಿಸಿ, ಯಾವ ಸೌದೆ, ಎಷ್ಟು ಗ್ರಾಂ, ಗಾಳಿ ಹೇಗಿತ್ತು ಅಂತ ಗೊತ್ತಿಲ್ಲದೆ ಎರಡು ಕೆಟಲ್ ಹೋಲಿಸಲು ಆಗುವುದಿಲ್ಲ. ನಾನು ಅಡುಗೆಮನೆಯ ತಕ್ಕಡಿಯಲ್ಲಿ 500 ಗ್ರಾಂ ನೀರು ಹಾಕುತ್ತೇನೆ. ಬೆರಳು ಗಾತ್ರದ ಒಣ ಕಡ್ಡಿ 100 ಗ್ರಾಂ ತೂಗಿ ಪಕ್ಕದಲ್ಲಿಟ್ಟು, ಅದರಿಂದಲೇ ಹಾಕುತ್ತಾ ಹೋಗಿ, ಕುದಿ ಬಂದ ಕೂಡಲೇ ಉಳಿದ ಕಡ್ಡಿ ತೂಗುತ್ತೇನೆ. ಬಟ್ಟಲಲ್ಲಿ ಉಳಿದ ಕೆಂಡವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ನೀರು ಮತ್ತೆ ತೂಗಿ ಎಷ್ಟು ಆವಿಯಾಯಿತು ನೋಡುತ್ತೇನೆ. ಎಲ್ಲಿ ಮಾಡುತ್ತೀರಿ ಅನ್ನುವುದೂ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಾದರೆ 94ರ ಹತ್ತಿರ. ಸೌದೆ ಸ್ವಲ್ಪ ಉಳಿಯುತ್ತದೆ, ಟೀ ಸ್ವಲ್ಪ ಸಪ್ಪೆ. ನಮ್ಮ ಊರಿನ ತೋಟದಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಈ ಕೆಟಲ್ ನಾಲ್ಕರಿಂದ ಆರು ನಿಮಿಷದೊಳಗೆ ಕುದಿ ತಂದುಕೊಟ್ಟಿದೆ. ಒಂದೇ ಸಲದ ಸಂಖ್ಯೆಯನ್ನು ನಂಬಬೇಡಿ, ಬೆಂಕಿ ಪ್ರತಿ ಸಲವೂ ಬೇರೆ ತರ ಹತ್ತಿಕೊಳ್ಳುತ್ತದೆ.

ಮೊದಲ ಸಲ ಉರಿ ಹಾಕಿದವರೆಲ್ಲ ಗಾಬರಿಯಾಗುವ ಒಂದು ವಿಷಯ ಇದೆ. ಬೆಂಕಿ ಹತ್ತಿದ ಸ್ವಲ್ಪ ಹೊತ್ತಿಗೆ ಬಟ್ಟಲಿನೊಳಗೆ ಚುಯ್ಯ್ ಚುಯ್ಯ್ ಅಂತ ಸದ್ದು. ಬಗ್ಗಿ ನೋಡಿದರೆ ಚಿಮಣಿಯ ಒಳಗೋಡೆಯಲ್ಲಿ ಹನಿ ಹನಿ ನೀರು ಇಳಿದು ಕೆಂಡದ ಮೇಲೆ ಬೀಳುತ್ತಿರುತ್ತದೆ. ಅಯ್ಯೋ, ಬೆಸುಗೆ ಸೋರ್ತಿದೆ ಅನ್ನಿಸುತ್ತದೆ. ಬಹಳ ಸಲ ಅದು ಸೋರಿಕೆ ಆಗಿರುವುದೇ ಇಲ್ಲ. ಸೌದೆ ಎಷ್ಟೇ ಒಣಗಿದ್ದರೂ ಉರಿದಾಗ ತನ್ನ ತೂಕದ ಅರ್ಧಕ್ಕಿಂತ ಜಾಸ್ತಿ ನೀರಾವಿ ಹುಟ್ಟಿಸುತ್ತದೆ, ಅದರಲ್ಲಿರುವ ಹೈಡ್ರೋಜನ್‌ನಿಂದ. 40 ಗ್ರಾಂ ಸೌದೆಯಿಂದ 20 ಗ್ರಾಂಗೂ ಮೇಲೆ. ಹಿಂದೆ ತಣ್ಣೀರು ತುಂಬಿದ ತಗಡಿಗೆ ಆ ಆವಿ ತಾಗಿದಾಗ ಮತ್ತೆ ನೀರಾಗುತ್ತದೆ. ಗುರುತು ಹಿಡಿಯುವುದು ಸುಲಭ. ಕೆಟಲ್‌ನ ನೀರು ಚೆನ್ನಾಗಿ ಬಿಸಿಯಾದ ಮೇಲೆ ಹನಿ ನಿಂತರೆ ಅದು ಆವಿಯ ನೀರು. ಕುದಿ ಬಂದ ಮೇಲೂ ಒಂದೇ ಜಾಗದಿಂದ ತೊಟ್ಟಿಕ್ಕುತ್ತಿದ್ದರೆ ವೆಲ್ಡಿಂಗ್ ಅಂಗಡಿಗೆ ಹೋಗಬೇಕು. ಬೆಂಕಿ ಹಾಕುವ ಮೊದಲೇ ತಿಳಿಯಬೇಕೆಂದರೆ ನೀರು ತುಂಬಿಸಿ ಒಂದು ರಾತ್ರಿ ಒಣ ಪೇಪರಿನ ಮೇಲೆ ಇಟ್ಟುಬಿಡಿ. ಬೆಳಗ್ಗೆ ಪೇಪರ್ ಹೇಳುತ್ತದೆ.

ಸೌದೆಯ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಕರಟದ ಚೂರು ಬೆಂಕಿಗೆ ರಾಜ, ನಿಧಾನ ಹತ್ತುತ್ತದೆ, ಹತ್ತಿದ ಮೇಲೆ ಬಿಡುವುದಿಲ್ಲ. ಶುರುವಿಗೆ ತೆಂಗಿನ ನಾರು, ಒಣ ಸೋಗೆ, ಅಡಿಕೆ ಸಿಪ್ಪೆ. ಕಾಫಿ ತೋಟದಲ್ಲಿ ಗಿಡ ಸವರಿದಾಗ ಬಿದ್ದ ಕಡ್ಡಿ ಈ ಬಟ್ಟಲಿನ ಅಳತೆಗೆ ಹೇಳಿ ಮಾಡಿಸಿದ ಗಾತ್ರ, ಗಟ್ಟಿ ಬೇರೆ. ಕರಾವಳಿಯಲ್ಲಾದರೆ ಸರ್ವೆ ಮರದ ಕಾಯಿ. ಲಂಟಾನ ಕಡ್ಡಿ ಎಲ್ಲ ಕಡೆ ಸಿಗುತ್ತದೆ, ಒಣಗಿದ್ದರೆ ಚಟಚಟ ಉರಿಯುತ್ತದೆ. ಕಣಗಿಲೆ ಕಡ್ಡಿ ಮಾತ್ರ ಮುಟ್ಟಬೇಡಿ, ಗಿಡದ ಎಲ್ಲ ಭಾಗವೂ ವಿಷ. ಗೇರುಬೀಜದ ಸಿಪ್ಪೆಯೂ ಬೇಡ, ಅದರ ಎಣ್ಣೆ ಚರ್ಮ ಸುಡುತ್ತದೆ, ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಮಲೆನಾಡಿನ ಮಳೆಯಲ್ಲಿ ಹೊರಗೆ ಒಣ ಕಡ್ಡಿ ಹುಡುಕುವುದು ಆಗದ ಮಾತು, ಅಟ್ಟದ ಮೇಲಿಂದ ಒಂದು ಹಿಡಿ ಚೀಲಕ್ಕೆ ಹಾಕಿಕೊಂಡು ಹೋಗಿ.

ಇನ್ನು ಎಚ್ಚರಿಕೆ, ಇದನ್ನು ಯಾರೂ ಓದದೆ ಬಿಡಬೇಡಿ. ಬಿರಡೆ ಹಾಕಿ ಬೆಂಕಿ ಮೇಲೆ ಇಡಲೇಬಾರದು. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ, ಬಿರಡೆ ಗುಂಡಿನ ಹಾಗೆ ಹಾರಿ ಜೊತೆಗೆ ಕುದಿನೀರೂ ಮುಖಕ್ಕೆ ಬರುತ್ತದೆ. ಬಿರಡೆ ಇರುವುದು ನೀರು ಹೊತ್ತು ತರಲು ಮಾತ್ರ. ಎತ್ತುವಾಗ ಹಿಡಿಯನ್ನು ಚಿಮಣಿಯ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದರೆ ಕೈ ಬೆಂದುಹೋಗುತ್ತದೆ. ಹಿಡಿಯ ಕಂಬಿಯನ್ನು ಅಡ್ಡಕ್ಕೆ ಬೀಳಿಸಿ, ಎರಡು ಬದಿಯಲ್ಲಿ ಎರಡು ಕೈಯಿಂದ ಹಿಡಿದು ಬಟ್ಟಲಿನಿಂದ ಮೇಲೆತ್ತಬೇಕು. ಬಗ್ಗಿಸಿ ಸುರಿಯಲು ತಳದ ಹತ್ತಿರ ಒಂದು ಸಣ್ಣ ಸರಪಳಿ ಬೆಸೆಸಿಕೊಂಡರೆ ಅನುಕೂಲ. ನೀರಿಲ್ಲದೆ ಬೆಂಕಿ ಬೇಡ ಅನ್ನುವುದು ಆಗಲೇ ಬಂತು. ಹಾಲು, ಟೀಪುಡಿ, ಕಷಾಯದ ಪುಡಿ ಯಾವುದನ್ನೂ ಒಳಗೆ ಹಾಕಬೇಡಿ, ಆ ಸಂದಿಯಲ್ಲಿ ಹಾಲು ಸೀದರೆ ತೊಳೆಯುವ ದಾರಿಯೇ ಇಲ್ಲ. ನೀರು ಕಾಯಿಸಿ ಲೋಟದಲ್ಲಿ ಬೆರೆಸಿಕೊಳ್ಳಿ.

ಮತ್ತೆ ಕಾಡು. ಕುದುರೆಮುಖ, ಕುಮಾರ ಪರ್ವತದಂಥ ಕಡೆ ಚಾರಣಕ್ಕೆ ಹೋಗುವಾಗ ಈ ಕೆಟಲ್ ಮನೆಯಲ್ಲೇ ಇರಲಿ. "ಬೆಂಕಿ ಬಟ್ಟಲಿನೊಳಗೇ ಇರುತ್ತಲ್ಲ, ಏನಾಗುತ್ತೆ" ಅನ್ನುವ ವಾದ ನಾನು ಒಪ್ಪುವುದಿಲ್ಲ. ಚಿಮಣಿಯಿಂದ ಕಿಡಿ ಹಾರುವುದನ್ನು ಕತ್ತಲಲ್ಲಿ ಕಣ್ಣಾರೆ ನೋಡಿದ್ದೇನೆ. ಜನವರಿಯಿಂದ ಏಪ್ರಿಲ್‌ವರೆಗೆ ಗುಡ್ಡದ ಹುಲ್ಲು ಹೇಗಿರುತ್ತದೆ ಅಂತ ಗೊತ್ತಲ್ಲ, ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಅಭಯಾರಣ್ಯಕ್ಕೆ ಅಪಾಯ ಆಗುವ ಹಾಗೆ ಬೆಂಕಿ ಹಚ್ಚುವುದು, ಉರಿಯುವ ಬೆಂಕಿ ಬಿಟ್ಟುಬರುವುದು 1972ರ ವನ್ಯಜೀವಿ ಕಾಯ್ದೆಯಲ್ಲೇ ನಿಷೇಧ. ನಾನು ಇದನ್ನು ಬಳಸುವುದು ನಮ್ಮ ತೋಟದಲ್ಲಿ, ಗೆಳೆಯರ ಎಸ್ಟೇಟ್‌ನಲ್ಲಿ, ಮಾಲೀಕರು ಒಪ್ಪಿಗೆ ಕೊಟ್ಟ ಹೊಲದ ಬದುವಿನಲ್ಲಿ. ಅಲ್ಲೂ ಕೆಳಗಿನ ತರಗೆಲೆ ಗುಡಿಸಿ, ಒಂದು ಬಾಟಲಿ ನೀರು ಪಕ್ಕದಲ್ಲಿಟ್ಟುಕೊಂಡೇ. ಮುಗಿದ ಮೇಲೆ ಬಟ್ಟಲಿಗೆ ನೀರು ಸುರಿದು, ಬೂದಿಯನ್ನು ಬೆರಳಿಟ್ಟು ನೋಡಿ, ತಣ್ಣಗಾಗಿದ್ದರೆ ಮಾತ್ರ ಚೀಲಕ್ಕೆ.

ಈಗ ಮಾಡುತ್ತಿರುವುದು ಒಬ್ಬರಿಗೆ ಸಾಕಾಗುವ 300 ಮಿ.ಲೀ. ಕೆಟಲ್. ಅಗಲ ಕಮ್ಮಿ ಮಾಡುವುದೋ ಎತ್ತರ ಕಮ್ಮಿ ಮಾಡುವುದೋ ಅನ್ನುವುದೇ ಪ್ರಶ್ನೆ. ಎತ್ತರ ಇಳಿಸಿದರೆ ಚಿಮಣಿ ಗಿಡ್ಡವಾಗಿ ಗಾಳಿಯ ಎಳೆತ ಸಾಲುವುದಿಲ್ಲ. ಅದಕ್ಕೆ 12 ಸೆಂ.ಮೀ. ಎತ್ತರ ಉಳಿಸಿಕೊಂಡು ಅಗಲವನ್ನು 8 ಸೆಂ.ಮೀ.ಗೆ ಇಳಿಸಿ, ಚಿಮಣಿ ಕೆಳಗೆ 6, ಮೇಲೆ 3.5 ಇಟ್ಟು ರಟ್ಟಿನಲ್ಲಿ ಕತ್ತರಿಸಿದ್ದೇನೆ. ಲೆಕ್ಕದ ಪ್ರಕಾರ ಒಳಗೆ 380 ಮಿ.ಲೀ. ಜಾಗ ಸಿಗಬೇಕು. ಬಾಯಿ ಇಷ್ಟು ಕಿರಿದಾದರೆ ಕರಟ ಹೋಗುವುದಿಲ್ಲ, ಬರೀ ಕಡ್ಡಿ. 0.4 ಮಿ.ಮೀ. ತಗಡು ಬೆಸೆಯಲು ಆಗುತ್ತಾ ಅಂತ ವೆಲ್ಡಿಂಗ್ ಅಣ್ಣನನ್ನು ಕೇಳಿದ್ದೇನೆ, ಒಂದು ಚೂರು ತಂದುಕೊಡಿ ನೋಡ್ತೀನಿ ಅಂದಿದ್ದಾರೆ. ನಿಮ್ಮಲ್ಲಿ ಯಾರಾದರೂ ಈ ಗಾತ್ರದ್ದು ಕಟ್ಟಿದ್ದರೆ ಚಿಮಣಿಯ ಎರಡು ಅಳತೆ ಮತ್ತು ಸೌದೆಯ ತೂಕ ಬರೆದು ತಿಳಿಸಿ, ಹೋಲಿಸಿ ನೋಡೋಣ.